ತೂಕ ಬರಲೇ ಇಲ್ಲವೋ, ಗೀಚು ಗೀಚಾಗಿ ಬಂತೋ?

ಕೋಲಾರದ ಕಡೆ ಹಳ್ಳಿ ಡೈರಿಗಳಲ್ಲಿ ಹಾಲಿನ ತೂಕ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೇರವಾಗಿ ಕಂಪ್ಯೂಟರ್‌ಗೆ ಹೋಗುವುದು ಈಗ ಹೊಸದೇನಲ್ಲ. ಒಂದು ಬೆಳಿಗ್ಗೆ ತಕ್ಕಡಿಯಲ್ಲಿ ತೂಕ ಕಾಣುತ್ತದೆ, ಕಂಪ್ಯೂಟರ್ ಪರದೆಯಲ್ಲಿ ಮಾತ್ರ ಏನೂ ಇಲ್ಲ. ಕ್ಯಾನು ಹಿಡಿದವರ ಸಾಲು ಬೆಳೆಯುತ್ತದೆ. ‘ಕಂಪ್ಯೂಟರ್ ಕೆಟ್ಟೋಯ್ತು’ ಅಂತಾರೆ. ಎಷ್ಟೋ ಸಲ ಕೆಟ್ಟಿರುವುದು ಕಂಪ್ಯೂಟರೂ ಅಲ್ಲ, ತಕ್ಕಡಿಯೂ ಅಲ್ಲ. ನಡುವಿನ ಸೀರಿಯಲ್ ಪೋರ್ಟ್, ಅಂದರೆ ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಸಾಗಿಸುವ ಕಿಂಡಿ, ಸುಮ್ನೆ ದಾರಿ ತಪ್ಪಿರುತ್ತದೆ.

ಇವೆರಡನ್ನೂ ಜೋಡಿಸುವ ಆರ್‌ಎಸ್-232 ಪದ್ಧತಿ 1960ರದ್ದು. ಇಷ್ಟು ಹಳೆಯದು ಇನ್ನೂ ಬದುಕಿರುವುದು ಅದರ ಸರಳತನದಿಂದ. ಕಳಿಸಲು ಒಂದು ತಂತಿ, ಪಡೆಯಲು ಒಂದು, ಗ್ರೌಂಡ್ ಒಂದು, ಅಷ್ಟೇ ಸಾಕು. ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಎಂಟು ಬಿಟ್ (ಸೊನ್ನೆ ಅಥವಾ ಒಂದು), ಮುಂದೆ ಸ್ಟಾರ್ಟ್ ಬಿಟ್, ಹಿಂದೆ ಸ್ಟಾಪ್ ಬಿಟ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಬಿಟ್‌ಗೆ ಸಿಗುವುದು ಸುಮಾರು 104 ಮೈಕ್ರೋಸೆಕೆಂಡ್. ಆದರೆ ವೇಗ ಎಷ್ಟು ಅಂತ ತಿಳಿಸಲು ಬೇರೆ ತಂತಿಯೇ ಇಲ್ಲ. ಸ್ಟಾರ್ಟ್ ಬಿಟ್ ಬಂದ ಕೂಡಲೇ ಕಂಪ್ಯೂಟರ್ ತನ್ನದೇ ಲೆಕ್ಕದಲ್ಲಿ ಎಣಿಸಬೇಕು. ತಕ್ಕಡಿ 9600ರಲ್ಲಿ ಕಳಿಸಿ ಕಂಪ್ಯೂಟರ್ 4800ರಲ್ಲಿ ಓದಿದರೆ, ಎರಡು ಬಿಟ್ ಬರುವಷ್ಟರಲ್ಲಿ ಅದು ಒಂದನ್ನೇ ಎಣಿಸಿರುತ್ತದೆ. 12.40 ಬರಬೇಕಾದಲ್ಲಿ ಅರ್ಥವಿಲ್ಲದ ಗೀಚು ಬೀಳುತ್ತದೆ.

ಗೀಚು ಕಂಡರೆ ನನಗಂತೂ ಸಮಾಧಾನ. ತಂತಿಯಲ್ಲಿ ಏನೋ ಬರ್ತಾ ಇದೆ ಅಂತಾಯ್ತು ಅಲ್ವಾ? ತಕ್ಕಡಿಯ ಬಾಡ್ ರೇಟ್ (ಕಳಿಸುವ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಡೇಟಾ ಬಿಟ್‌ಗಳನ್ನೇ ಕಂಪ್ಯೂಟರ್‌ಗೂ ಕೊಟ್ಟರೆ ಬಹುಪಾಲು ಮುಗಿಯಿತು. ಏನೂ ಬರದಿದ್ದರೇ ತಲೆನೋವು ಜಾಸ್ತಿ.

ಈಗಿನ ಕಂಪ್ಯೂಟರ್‌ಗಳಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಅಪರೂಪ, ಯುಎಸ್‌ಬಿ ಕನ್ವರ್ಟರ್ ಬೇಕು. ಧೂಳು ಒರೆಸುವಾಗ ಯಾರೋ ಅದನ್ನು ಕಿತ್ತು ಪಕ್ಕದ ಯುಎಸ್‌ಬಿಗೆ ಚುಚ್ಚಿರುತ್ತಾರೆ. ವಿಂಡೋಸ್ ಆಗ ಪೋರ್ಟ್‌ಗೆ ಹೊಸ ಕಾಮ್ (COM) ನಂಬರ್ ಕೊಟ್ಟುಬಿಡಬಹುದು. ನಿನ್ನೆ ಕಾಮ್3 ಇದ್ದದ್ದು ಇವತ್ತು ಕಾಮ್5. ಡೈರಿ ಸಾಫ್ಟ್‌ವೇರ್ ಪಾಪ, ಇನ್ನೂ ಕಾಮ್3ರಲ್ಲೇ ಕಾಯುತ್ತಿರುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನಂಬರ್ ನೋಡಿ, ಅದನ್ನೇ ಸಾಫ್ಟ್‌ವೇರ್‌ಗೂ ಕೊಡಿ. ಹಳದಿ ಗುರುತಿದ್ದರೆ ಡ್ರೈವರ್ ಮತ್ತೆ ಹಾಕಿ. ‘ಆಕ್ಸೆಸ್ ಡಿನೈಡ್’ ಬಂದರೆ ಬೇರೆ ಯಾವುದೋ ಪ್ರೋಗ್ರಾಂ ಆ ಪೋರ್ಟ್ ಹಿಡಿದು ಕೂತಿರುತ್ತದೆ.

ಇಷ್ಟಾದರೂ ಏನೂ ಇಲ್ಲವೇ? ತಕ್ಕಡಿಯ ಕೇಬಲ್ ಬಿಚ್ಚಿ, ಕನ್ವರ್ಟರಿನ 2 ಮತ್ತು 3ನೇ ಪಿನ್‌ಗಳನ್ನು (ಪಡೆಯುವುದು, ಕಳಿಸುವುದು) ಸಣ್ಣ ತಂತಿಯಿಂದ ಸೇರಿಸಿ. ಪುಟ್ಟಿ (PuTTY) ಥರದ, ಪೋರ್ಟ್‌ಗೆ ಅಕ್ಷರ ಕಳಿಸಿ ಬಂದದ್ದನ್ನು ತೋರಿಸುವ ಟರ್ಮಿನಲ್ ಪ್ರೋಗ್ರಾಂನಲ್ಲಿ ಫ್ಲೋ ಕಂಟ್ರೋಲ್ (ಕಳಿಸು, ನಿಲ್ಲಿಸು ಎನ್ನುವ ಸಂಕೇತ) ಆಫ್ ಮಾಡಿ ನಾಲ್ಕು ಅಕ್ಷರ ಒತ್ತಿ. ಒತ್ತಿದ್ದೇ ವಾಪಸ್ ಬಂದು ಕಂಡರೆ ಕಂಪ್ಯೂಟರ್ ಕಡೆ ತಪ್ಪಿಲ್ಲ. ಇನ್ನು ಕೇಬಲ್ ನೋಡಿ. ಎರಡೂ ಕಡೆಯ ಕಳಿಸುವ ಪಿನ್‌ಗಳೇ ಒಂದಕ್ಕೊಂದು ಸೇರಿದ್ದರೆ ಕೇಳುವವರು ಯಾರು? ಕೇಬಲ್ಲೂ ಸರಿಯಿದ್ದರೆ ತಕ್ಕಡಿಯ ಮೆನುವಿಗೆ ಹೋಗಿ. ಡೇಟಾ ಕಳಿಸುವುದನ್ನೇ ಅಲ್ಲಿ ಯಾರೋ ಆಫ್ ಮಾಡಿರಬಹುದು.