ಫಿಲ್ಟರ್‌ಗಿಂತ ಮೊದಲು ಬಕೆಟ್

ಹವಳದ ಟ್ಯಾಂಕ್ ಶುರು ಮಾಡುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ನಮ್ಮದು 60 ಲೀಟರ್ ಟ್ಯಾಂಕು. ಯಾವ ಫಿಲ್ಟರ್ ತಗೊಳ್ಳಲಿ?" ನಾನು ಅದಕ್ಕೆ ಉತ್ತರ ಕೊಡುವ ಮೊದಲು ಎರಡು ವಿಷಯ ವಿಚಾರಿಸುತ್ತೇನೆ. ವಾರಕ್ಕೊಂದು ದಿನ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳೋಕೆ ಆಗುತ್ತಾ? ಎಷ್ಟು ಮೀನು ಬಿಡಬೇಕು ಅಂದುಕೊಂಡಿದ್ದೀರಿ? ಇವೆರಡು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಸಿಹಿನೀರಿನ ಮೀನು ಸಾಕಿದವರಿಗೆ ಫಿಲ್ಟರ್ ಅಂದರೆ ಒಂದು ಡಬ್ಬಿ. ಒಳಗೆ ಸ್ಪಂಜು, ಸೆರಾಮಿಕ್ ಉಂಗುರಗಳು, ಒಂದು ಪಂಪು. ಮೀನಿನ ಗಲೀಜು ಮತ್ತು ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅದು ವಿಷ. ಉಂಗುರಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಉಪ್ಪುನೀರಿನಲ್ಲೂ ನಡೆಯುವುದು ಇದೇ. ಆದರೆ ಹವಳದ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಬೇರೆ ಡಬ್ಬಿ ಬೇಕಿಲ್ಲ. ಕಲ್ಲೇ ಅವುಗಳ ಮನೆ. ಲೈವ್ ರಾಕ್ ಅನ್ನುವುದು ಮೈತುಂಬ ಸಣ್ಣ ತೂತುಗಳಿರುವ ಕಲ್ಲು. ಅದರ ಹೊರಮೈಯಲ್ಲಿ ಆಮ್ಲಜನಕ ಬೇಕಾದ ಬ್ಯಾಕ್ಟೀರಿಯಾ ಇರುತ್ತವೆ. ಆಮ್ಲಜನಕ ತಲುಪದ ಒಳಸಂದುಗಳಲ್ಲಿ ಇನ್ನೊಂದು ಜಾತಿಯವು ಇರುತ್ತವೆ. ಅವು ನೈಟ್ರೇಟನ್ನು ಒಡೆದು ಸಾರಜನಕ ಅನಿಲ ಮಾಡಿ ಬಿಡುತ್ತವೆ. ಮಾಮೂಲಿ ಉಂಗುರಗಳಿಂದ ಈ ಎರಡನೇ ಕೆಲಸ ಅಷ್ಟಾಗಿ ಆಗುವುದಿಲ್ಲ.

ಇದು ಹೊಸ ಮಾತೇನೂ ಅಲ್ಲ. 1961ರಲ್ಲೇ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅವರು ಜೀವಂತ ಕಲ್ಲು ಮತ್ತು ಗಾಳಿಗುಳ್ಳೆ, ಇಷ್ಟರಲ್ಲೇ ಹವಳ ಸಾಕುವ ವಿಧಾನವನ್ನು ಬರೆದು ತಿಳಿಸಿದ್ದರು. ಆಮೇಲೆ ಜರ್ಮನಿಯ ಹವ್ಯಾಸಿಗಳು ಅದಕ್ಕೆ ಪ್ರೋಟೀನ್ ಸ್ಕಿಮ್ಮರ್ (ಗಲೀಜನ್ನು ನೊರೆಯಾಗಿ ಹೊರಹಾಕುವ ಯಂತ್ರ) ಮತ್ತು ಪ್ರಖರ ಬೆಳಕು ಸೇರಿಸಿದರು. ಅದು ಬರ್ಲಿನ್ ವಿಧಾನ ಅಂತ ಹೆಸರಾಯಿತು. ಹಳೆಯ ಲೆಕ್ಕದಲ್ಲಿ ಲೀಟರಿಗೆ ಸುಮಾರು 120 ಗ್ರಾಂ ಕಲ್ಲು ಬೇಕು. ಕಲ್ಲು ಹಗುರವಾಗಿ, ತೂತು ಜಾಸ್ತಿ ಇದ್ದರೆ ಕಡಿಮೆ ಸಾಕು. ಒಣಗಿದ ಕಲ್ಲು ತಂದರೂ ಪರವಾಗಿಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಕಾಯಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ಮೀನು ಬಿಡಬೇಡಿ.

ಹಾಗಾದರೆ ಉಪಕರಣಕ್ಕೆ ಉಳಿಯುವ ಕೆಲಸ ಏನು? ಕೊಳೆಯನ್ನು ನೀರಿನಿಂದ ಹೊರಗೆ ತೆಗೆಯುವುದು. ಇಲ್ಲೇ ತುಂಬಾ ಜನ ತಪ್ಪುವುದು. ಫಿಲ್ಟರ್ ಒಳಗೆ ಸಿಕ್ಕಿಕೊಂಡ ಕೊಳೆ ಹೊರಗೆ ಹೋಯಿತು ಅಂದುಕೊಳ್ಳುತ್ತಾರೆ. ನೀರು ಅದರ ಮೂಲಕವೇ ಹಾದು ಬರುತ್ತಿರುವಾಗ ಅದು ಹೊರಗೆ ಹೋಗಿದ್ದು ಹೇಗೆ? ಕಸ ಗುಡಿಸಿ ಬಾಗಿಲ ಹಿಂದೆ ರಾಶಿ ಹಾಕಿದಂತೆ ಅದು. ಕಣ್ಣಿಗೆ ಕಾಣುವುದಿಲ್ಲ, ಆದರೆ ಮನೆಯಲ್ಲೇ ಇದೆ.

ಒಮ್ಮೆ ಒಬ್ಬರು ತಮ್ಮ 75 ಲೀಟರ್ ಟ್ಯಾಂಕ್ ನೋಡಲು ಕರೆದರು. ಕೂದಲಿನಂಥ ಪಾಚಿ ಕಲ್ಲಿಗೆಲ್ಲ ಹಬ್ಬಿತ್ತು. ನೈಟ್ರೇಟ್ 50 ಪಿಪಿಎಂ (ಸುಮಾರಾಗಿ ಲೀಟರಿಗೆ ಅಷ್ಟು ಮಿಲಿಗ್ರಾಂ) ದಾಟಿತ್ತು. ಮೀನು ಇದ್ದಿದ್ದು ಮೂರೇ. "ಇದಕ್ಕಿಂತ ದೊಡ್ಡ ಫಿಲ್ಟರ್ ಹಾಕೋಣವಾ ಸಾರ್?" ಅಂದರು. ಟ್ಯಾಂಕಿನ ಕೆಳಗೆ ಆಗಲೇ ಒಂದು ದೊಡ್ಡ ಕ್ಯಾನಿಸ್ಟರ್, ಅಂದರೆ ಪೈಪಿನಿಂದ ಜೋಡಿಸಿದ ಮುಚ್ಚಿದ ಫಿಲ್ಟರ್ ಡಬ್ಬಿ, ಇತ್ತು. ಬಿಚ್ಚಿ ನೋಡಿದರೆ ತಳದಲ್ಲಿ ಎರಡು ಬೆರಳು ಕೆಸರು. ನಾಲ್ಕು ತಿಂಗಳಿಂದ ತೆರೆದಿರಲಿಲ್ಲ. ಸಿಹಿನೀರಿನ ಟ್ಯಾಂಕಿನಲ್ಲಿ ಅವರಿಗೆ ಅದೇ ರೂಢಿ ಇತ್ತು. ಗಿಡಗಳಿದ್ದಿದ್ದರಿಂದ ಅಲ್ಲಿ ತೊಂದರೆಯೂ ಆಗಿರಲಿಲ್ಲ. ನಾವು ಕೆಸರು ತೊಳೆದೆವು, ಉಂಗುರಗಳನ್ನು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ತೆಗೆದೆವು. ಒಂದೇ ಸಲ ತೆಗೆದರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಅಮೋನಿಯಾ ಏರಬಹುದಲ್ವಾ, ಅದಕ್ಕೆ. ಹೊಸ ಉಪಕರಣ ಏನನ್ನೂ ಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಪಾಚಿ ಹಿಂದೆ ಸರಿಯಿತು.

ಕ್ಯಾನಿಸ್ಟರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಾರ ವಾರ ಬಿಚ್ಚಿ ತೊಳೆಯುವವರಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪೈಪು ಕಳಚಿ, ನೀರು ಚೆಲ್ಲಿ, ಮತ್ತೆ ಜೋಡಿಸುವುದು ಯಾರಿಗೂ ಇಷ್ಟವಾಗುವ ಕೆಲಸವಲ್ಲ. ಇನ್ನೊಂದು ಅಪಾಯವೂ ಇದೆ. ಕರೆಂಟ್ ಕೆಲವು ಗಂಟೆ ಹೋದರೆ ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕ ಮುಗಿಯುತ್ತದೆ. ಕರೆಂಟ್ ಬಂದಾಗ ಆ ಕೆಟ್ಟ ನೀರು ನೇರವಾಗಿ ಹವಳಗಳ ಮೇಲೆ ಬಂದು ಬೀಳುತ್ತದೆ.

ಸಣ್ಣ ಟ್ಯಾಂಕಿಗೆ ಹಿಂಬದಿ ತೂಗುಹಾಕುವ ಫಿಲ್ಟರ್ ನನಗೆ ಹೆಚ್ಚು ಹಿಡಿಸುತ್ತದೆ. ಮುಚ್ಚಳ ತೆಗೆದರೆ ಫ್ಲಾಸ್, ಅಂದರೆ ಕೊಳೆ ಹಿಡಿಯುವ ಹತ್ತಿಯಂಥ ಪದರ, ಕೈಗೆ ಸಿಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅದನ್ನು ಎಸೆದು ಹೊಸದು ಹಾಕಿದರೆ ಕೊಳೆ ಕೊಳೆಯುವ ಮೊದಲೇ ಹೊರಗೆ. ಜೊತೆಗೆ ನೀರಿನ ಮೇಲ್ಮೈ ಕಲಕುವುದರಿಂದ ಗಾಳಿಯೂ ಸೇರುತ್ತದೆ. ಟ್ಯಾಂಕಿನ ಹಿಂದೆಯೇ ಕೋಣೆಗಳಿರುವ ಆಲ್ ಇನ್ ಒನ್ ಟ್ಯಾಂಕುಗಳೂ ಇದೇ ರೀತಿ. ಅವುಗಳಲ್ಲಿ ಕೊನೆಯ ಕೋಣೆಯ ತಳಕ್ಕೆ ನಿಮ್ಮ ಕೈ ಹೋಗುತ್ತದಾ ಅಂತ ಕೊಳ್ಳುವ ಮೊದಲು ನೋಡಿ. ಕೈ ಹೋಗದ ಜಾಗದಲ್ಲಿ ಕೆಸರು ನಿಂತೇ ನಿಲ್ಲುತ್ತದೆ.

ಈಗ ಬಕೆಟ್ ವಿಷಯ. ಒಂದು ಲೆಕ್ಕ ಹಾಕೋಣ. ನಿಮ್ಮ ಟ್ಯಾಂಕಿನಲ್ಲಿ ವಾರಕ್ಕೆ 2 ಪಿಪಿಎಂ ನೈಟ್ರೇಟ್ ಏರುತ್ತದೆ ಅಂತ ಇಟ್ಟುಕೊಳ್ಳಿ. ವಾರಕ್ಕೆ 10% ನೀರು ಬದಲಿಸಿದರೆ ಅದು ನಿಧಾನಕ್ಕೆ ಏರುತ್ತಾ ಹೋಗಿ 20ರ ಹತ್ತಿರ ನಿಲ್ಲುತ್ತದೆ. 20% ಬದಲಿಸಿದರೆ 10ರ ಹತ್ತಿರ ನಿಲ್ಲುತ್ತದೆ. 60 ಲೀಟರ್ ಟ್ಯಾಂಕಿಗೆ 20% ಅಂದರೆ 12 ಲೀಟರ್, ಒಂದು ಬಕೆಟ್. 400 ಲೀಟರ್ ಟ್ಯಾಂಕಿನವರಿಗೆ ಇದು 80 ಲೀಟರ್. ಅವರಿಗೆ ಯಂತ್ರ ಬೇಕೇ ಬೇಕು. ನಿಮಗೆ ಬಕೆಟ್ಟೇ ಆ ಯಂತ್ರ. ಸಣ್ಣ ಟ್ಯಾಂಕಿನ ದೊಡ್ಡ ಅನುಕೂಲ ಇದು. ನೀರಿನ ಜೊತೆ ತೊಟ್ಟಿಯ ತಳದ ಕೊಳೆಯನ್ನೂ ಎಳೆದು ತೆಗೆಯಬಹುದು, ಸಮುದ್ರದ ಉಪ್ಪು ಬೆರೆಸಿದ ಹೊಸ ನೀರಿನಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಕೂಡ ಬರುತ್ತದೆ.

ಸ್ಕಿಮ್ಮರ್ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾದ ಯಂತ್ರ. ಅದರ ಕೆಲಸವೇ ಚಂದ. ಮೀನಿನ ಗಲೀಜಿನಲ್ಲಿರುವ ಅನೇಕ ಅಣುಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಇಷ್ಟವಿಲ್ಲ. ಅವು ಗಾಳಿಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಉಪ್ಪುನೀರಿನಲ್ಲಿ ಸಣ್ಣವಾಗಿಯೇ ಉಳಿಯುತ್ತವೆ. ಹಾಗಾಗಿ ನೊರೆ ದಟ್ಟವಾಗಿ ಮೇಲೇರಿ ಅಲ್ಲಿರುವ ಕಪ್‌ನಲ್ಲಿ ಕಂದು ನೀರಾಗಿ ಸೇರುತ್ತದೆ. ಅಂದರೆ ಗಲೀಜು ಅಮೋನಿಯಾ ಆಗುವ ಮೊದಲೇ ನೀರು ಬಿಟ್ಟು ಹೋಯಿತು. ನಿಜವಾಗಿ ಹೊರಹಾಕುವ ಯಂತ್ರ ಇದು. ಆದರೆ ಆಗಲೇ ಆಗಿಹೋದ ನೈಟ್ರೇಟನ್ನು ಅದು ತೆಗೆಯಲಾರದು.

ತೊಂದರೆ ಇರುವುದು ಅಳತೆಯಲ್ಲಿ. ತೀರಾ ಪುಟ್ಟ ಸ್ಕಿಮ್ಮರ್‌ಗಳಲ್ಲಿ ನೀರು ಮತ್ತು ಗುಳ್ಳೆ ಒಟ್ಟಿಗಿರುವ ಹೊತ್ತು ಕಡಿಮೆ. ನೀರಿನ ಮಟ್ಟ ಸ್ವಲ್ಪ ಇಳಿದರೂ ನೊರೆ ನಿಂತುಹೋಗುತ್ತದೆ, ಸ್ವಲ್ಪ ಏರಿದರೆ ಕಪ್ ಉಕ್ಕುತ್ತದೆ. ಡಬ್ಬಿಯ ಮೇಲೆ ಬರೆದ "ಇಷ್ಟು ಲೀಟರ್ ವರೆಗೆ" ಅನ್ನುವ ಅಂಕಿ ಸಾಮಾನ್ಯವಾಗಿ ಕಡಿಮೆ ಮೀನಿರುವ ಟ್ಯಾಂಕಿಗೆ ಹೇಳಿದ್ದು. ನನ್ನ ಅನುಭವದಲ್ಲಿ 80 ಲೀಟರ್ ಒಳಗಿನ, ಎರಡು ಮೂರು ಸಣ್ಣ ಮೀನಿನ ಟ್ಯಾಂಕಿಗೆ ಸ್ಕಿಮ್ಮರ್ ಇಲ್ಲದಿದ್ದರೂ ನಡೆಯುತ್ತದೆ. ಅದಕ್ಕಿಂತ ದೊಡ್ಡದಾದರೆ, ಅಥವಾ ನೀರು ಬದಲಿಸುವುದು ಎರಡು ವಾರಕ್ಕೊಮ್ಮೆ ಮಾತ್ರ ಸಾಧ್ಯ ಅಂದರೆ, ಒಳ್ಳೆಯ ಸ್ಕಿಮ್ಮರ್ ಹಾಕಿ. ಹೊಸದು ಮೊದಲ ಒಂದೆರಡು ವಾರ ಸರಿಯಾಗಿ ನೊರೆ ಕೊಡದಿರಬಹುದು. ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡಬೇಡಿ.

ಟ್ಯಾಂಕಿನ ಕೆಳಗೆ ಸಂಪ್, ಅಂದರೆ ಮೇಲಿನ ನೀರು ಇಳಿದು ಪಂಪಿನಿಂದ ವಾಪಸ್ ಹೋಗುವ ಇನ್ನೊಂದು ತೊಟ್ಟಿ, ಇಡಲು ಜಾಗವಿದ್ದರೆ ಇಡಿ. ಒಟ್ಟು ನೀರು ಹೆಚ್ಚಾದಷ್ಟೂ ಎಲ್ಲ ಏರುಪೇರೂ ನಿಧಾನ. ಹೀಟರ್, ಸ್ಕಿಮ್ಮರ್ ಕಣ್ಣಿಗೆ ಕಾಣದಂತೆ ಅಲ್ಲಿ ಕೂರುತ್ತವೆ. ಅಲ್ಲೇ ಕೀಟೊ ಅನ್ನುವ ಪಾಚಿ ಬೆಳೆಸಿ, ಮುಖ್ಯ ದೀಪ ಆರಿದ ಮೇಲೆ ಅದಕ್ಕೆ ಬೆಳಕು ಕೊಟ್ಟರೆ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರುತ್ತದೆ, ರಾತ್ರಿ ಪಿಎಚ್ ಇಳಿಯುವುದೂ ಕಡಿಮೆಯಾಗುತ್ತದೆ. ಸಂಪ್ ಹಾಕಿದ ದಿನವೇ ಪಂಪು ನಿಲ್ಲಿಸಿ ನೋಡಿ. ಮೇಲಿನಿಂದ ಇಳಿಯುವ ನೀರಷ್ಟೂ ಕೆಳಗೆ ಹಿಡಿಯಬೇಕು. ಹಿಡಿಯದಿದ್ದರೆ ಅದು ನೆಲಕ್ಕೆ ಬರುತ್ತದೆ.

ಕಾರ್ಬನ್, ಅಂದರೆ ನೀರು ಸೋಸುವ ಇದ್ದಿಲು, ಒಂದು ಸಣ್ಣ ಚೀಲದಲ್ಲಿ ಇರಲಿ. ನೀರಿನ ಹಳದಿ ಬಣ್ಣವನ್ನೂ, ಮೆದು ಹವಳಗಳು ಪಕ್ಕದವುಗಳ ಮೇಲೆ ಬಿಡುವ ವಿಷವನ್ನೂ ಅದು ಹಿಡಿಯುತ್ತದೆ. ತಿಂಗಳಿಗೊಮ್ಮೆ ಬದಲಿಸಿ. ಫಾಸ್ಫೇಟ್ ತೆಗೆಯುವ ಕಬ್ಬಿಣದ ಹರಳುಗಳನ್ನು ಮಾತ್ರ ಪರೀಕ್ಷೆ ಮಾಡದೆ ಸುಮ್ನೆ ಹಾಕಬೇಡಿ. ಹವಳಕ್ಕೂ ಒಂದಿಷ್ಟು ಆಹಾರ ಬೇಕು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕುಗಳಲ್ಲಿ ಹವಳ ಬಿಳಚಿಕೊಂಡು, ಕಂದು ಲೋಳೆಯಂಥ ಡೈನೋಫ್ಲಾಜೆಲೇಟ್ ಹಬ್ಬಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದನ್ನು ಓಡಿಸುವುದು ಪಾಚಿ ಓಡಿಸುವುದಕ್ಕಿಂತ ಕಷ್ಟ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ನಾನು ಕೈ ಹಾಕುವುದಿಲ್ಲ.

ಫಿಲ್ಟರ್‌ನಲ್ಲಿ ಉಳಿಸಿದ ದುಡ್ಡನ್ನು ಎರಡು ಕಡೆ ಹಾಕಿ. ಒಂದು, ನೀರಿನ ಹರಿವು. ಗಂಟೆಗೆ ಟ್ಯಾಂಕಿನ ನೀರಿನ 20 ಪಟ್ಟು ತಿರುಗಿಸುವ ವೇವ್‌ಮೇಕರ್ ಇದ್ದರೆ ಕೊಳೆ ಕಲ್ಲಿನ ಸಂದಿಯಲ್ಲಿ ಕೂರುವುದಿಲ್ಲ. ಗಟ್ಟಿ ಹವಳಗಳಿಗೆ ಇನ್ನೂ ಜಾಸ್ತಿ ಬೇಕು. ಎರಡು, ಶುದ್ಧ ನೀರು. ಆರ್‌ಓ ಡಿಐ ಯಂತ್ರದಲ್ಲಿ ಸೋಸಿದ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, ಉಪ್ಪು ಬೆರೆಸುವ ಮೊದಲು ಸೊನ್ನೆ ಇರಬೇಕು. ಬದಲಿಸುವ ನೀರಿನಲ್ಲೇ ಫಾಸ್ಫೇಟ್ ಇದ್ದರೆ ಯಾವ ಫಿಲ್ಟರ್ ತಾನೇ ಏನು ಮಾಡೀತು? ಆವಿಯಾದ ನೀರಿಗೆ ಬದಲಾಗಿ ತುಂಬುವುದೂ ಇದೇ ಉಪ್ಪಿಲ್ಲದ ನೀರು. 40 ಲೀಟರ್ ಟ್ಯಾಂಕಿನಲ್ಲಿ 1 ಲೀಟರ್ ಆವಿಯಾದರೆ ಉಪ್ಪಿನಂಶ 35ರಿಂದ ಸುಮಾರು 36 ಪಿಪಿಟಿಗೆ (ಸಾವಿರದಲ್ಲಿ ಅಷ್ಟು ಭಾಗ) ಏರುತ್ತದೆ. ತಾನಾಗಿಯೇ ನೀರು ತುಂಬುವ ಉಪಕರಣ ಇದನ್ನು ತಡೆಯುತ್ತದೆ.

ಹೊಸಬರಿಗೆ ನಾನು ಕೊಡುವ ಮೊದಲ ಪಟ್ಟಿ ಇಷ್ಟೇ ಚಿಕ್ಕದು: ಕಲ್ಲು, ಫ್ಲಾಸ್ ಮತ್ತು ಕಾರ್ಬನ್ ಹಾಕಿದ ತೂಗು ಫಿಲ್ಟರ್, ವೇವ್‌ಮೇಕರ್, ಬಕೆಟ್. ಮೀನು ಬಿಟ್ಟ ಮೇಲೆ ಎರಡು ತಿಂಗಳು ವಾರ ವಾರ ನೀರು ಬದಲಿಸುವ ಮುಂಚೆ ನೈಟ್ರೇಟ್ ಅಳೆದು ಬರೆದಿಡಿ. ಅಂಕಿ ಒಂದು ಕಡೆ ನಿಂತರೆ ಏನೂ ಕೊಳ್ಳಬೇಡಿ. ಏರುತ್ತಲೇ ಇದ್ದರೆ ಆ ಚೀಟಿ ತಂದು ತೋರಿಸಿ. ಸ್ಕಿಮ್ಮರ್ ಬೇಕಾ, ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಬೇಕಾ ಅಂತ ಆಗ ನೋಡೋಣ.