ಸ್ಪೀಡ್ ಟೆಸ್ಟ್‌ನಲ್ಲಿ 40, ಫೈಲ್ ಇಳಿಯುವಾಗ 2: ಉಳಿದ ವೇಗ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಕಾರವಾರದಲ್ಲಿ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ, ಮನೆ ಶಿರಸಿ ಹತ್ತಿರ. ನೆಟ್‌ವರ್ಕ್ಸ್ ಪ್ರಾಜೆಕ್ಟಿಗೆಂದು ಪೈಥಾನ್ ಸಾಕೆಟ್ (ಪ್ರೋಗ್ರಾಂ ಅನ್ನು ನೆಟ್‌ವರ್ಕಿಗೆ ಜೋಡಿಸುವ ಕೊಂಡಿ) ಬಳಸಿ ಫೈಲ್ ವರ್ಗಾಯಿಸುವ ಪ್ರೋಗ್ರಾಂ ಬರೆದೆ. ಸರ್ವರ್ ಅಮೆರಿಕದ ಕ್ಲೌಡ್‌ನಲ್ಲಿದೆ. ಮನೆಯ ಫೈಬರ್ ಲೈನಿನಲ್ಲಿ ಸ್ಪೀಡ್ ಟೆಸ್ಟ್ 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ತೋರಿಸುತ್ತದೆ. ನನ್ನ ಫೈಲ್ ಮಾತ್ರ ಸೆಕೆಂಡಿಗೆ 250 ಕಿಲೋಬೈಟ್ ದಾಟುವುದೇ ಇಲ್ಲ. ದೋಷ ಲೈನಿನದೋ, ಕೋಡಿನದೋ?

ಉತ್ತರ: ಹೆಚ್ಚಾಗಿ ಕೋಡಿನದು. ಹಾಗೆನ್ನಲು ನೀವು ಕೊಟ್ಟ 250 ಎಂಬ ಸಂಖ್ಯೆಯೇ ಸುಳಿವು.

ಮೊದಲು ಅಳತೆ ಸರಿಮಾಡಿಕೊಳ್ಳಿ. ಸ್ಪೀಡ್ ಟೆಸ್ಟ್ ಎಣಿಸುವುದು ಬಿಟ್, ನಿಮ್ಮ ಪ್ರೋಗ್ರಾಂ ಎಣಿಸುವುದು ಬೈಟ್. ಒಂದು ಬೈಟ್ ಎಂದರೆ 8 ಬಿಟ್. ಸೆಕೆಂಡಿಗೆ 250 ಕಿಲೋಬೈಟ್ ಎಂದರೆ 2 ಎಂಬಿಪಿಎಸ್. 40ರ ಎದುರು ಇದು ಇಪ್ಪತ್ತರಲ್ಲಿ ಒಂದು ಪಾಲು.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾದ ಗೋದಾಮಿಗೆ ಅಡಿಕೆ ಚೀಲ ಹೋಗುತ್ತಿವೆ ಎಂದುಕೊಳ್ಳಿ. ಗೋದಾಮಿನವರು 64 ಚೀಲಕ್ಕಷ್ಟೇ ಜಾಗ ಇದೆ ಎಂದಿದ್ದಾರೆ. 64 ಕಳಿಸಿದ ಮೇಲೆ 'ಮುಟ್ಟಿತು' ಎಂಬ ಚೀಟಿ ಮರಳಿ ಬರುವ ತನಕ ಮುಂದಿನ ಚೀಲ ಹೊರಡುವಂತಿಲ್ಲ. ಘಟ್ಟದ ರಸ್ತೆಯನ್ನು ಎಷ್ಟೇ ಅಗಲ ಮಾಡಿದರೂ ದಿನಕ್ಕೆ ಮುಟ್ಟುವ ಚೀಲ ಹೆಚ್ಚುವುದಿಲ್ಲ. ಹೆಚ್ಚಬೇಕಾದರೆ ಗೋದಾಮು ದೊಡ್ಡದಾಗಬೇಕು, ಇಲ್ಲವೇ ಚೀಟಿ ಬೇಗ ಬರಬೇಕು. ನಿಮ್ಮ ಫೈಲನ್ನು ತುಂಡು ಮಾಡಿ ತಪ್ಪದೆ ಮುಟ್ಟಿಸುವ ನಿಯಮಾವಳಿ ಟಿಸಿಪಿ. ಅದರಲ್ಲಿ ಆ ಗೋದಾಮಿನ ಹೆಸರು ರಿಸೀವ್ ವಿಂಡೋ, ಚೀಟಿಯ ಹೆಸರು ಆ್ಯಕ್. ವೇಗದ ಗರಿಷ್ಠ ಮಿತಿ ಎಂದರೆ ವಿಂಡೋವನ್ನು ಹೋಗಿಬರುವ ಸಮಯದಿಂದ ಭಾಗಿಸಿದಷ್ಟು.

ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹಾಗಾಗಿ ಇಲ್ಲಿಂದ ಅಮೆರಿಕಕ್ಕೆ ಹೋಗಿಬರಲು, ಕೇಬಲ್‌ಗಳ ಸುತ್ತುದಾರಿ ಸೇರಿ, 200ರಿಂದ 250 ಮಿಲಿಸೆಕೆಂಡ್ ಹಿಡಿಯುವುದು ಸಾಮಾನ್ಯ. ಮೂಲ ಟಿಸಿಪಿಯ ಅತಿ ದೊಡ್ಡ ವಿಂಡೋ 65,535 ಬೈಟ್. ಅದನ್ನು 0.25 ಸೆಕೆಂಡಿನಿಂದ ಭಾಗಿಸಿ: ಸೆಕೆಂಡಿಗೆ 262 ಕಿಲೋಬೈಟ್. ನಿಮ್ಮ ಫೈಲು ನಿಂತಿರುವುದು ಇದರ ಹತ್ತಿರವೇ. 40 ಎಂಬಿಪಿಎಸ್ ಪೂರ್ತಿ ತುಂಬಬೇಕಾದರೆ ಅದೇ ಕಾಲಾವಧಿಯಲ್ಲಿ 12.5 ಲಕ್ಷ ಬೈಟ್ ದಾರಿಯ ಮೇಲಿರಬೇಕು.

65,535 ಎಂಬ ಗಡಿ 1981ರ ಟಿಸಿಪಿ ನಿರ್ದಿಷ್ಟತೆಯಿಂದ ಬಂದದ್ದು. ಪ್ರತಿ ಪ್ಯಾಕೆಟ್ಟಿನ (ಡೇಟಾ ತುಂಡಿನ) ಮೇಲಿನ ವಿಳಾಸಚೀಟಿಯಂಥ ಹೆಡರಿನಲ್ಲಿ ವಿಂಡೋಗೆ ಇರುವುದು 16 ಬಿಟ್ ಮಾತ್ರ. 1992ರಲ್ಲಿ ಆ ಸಂಖ್ಯೆಯನ್ನು ಒಂದು ಗುಣಕದಿಂದ ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಬಂದು ಈ ಗಡಿ ಸಡಿಲವಾಯಿತು. ಈಗಿನ ಲಿನಕ್ಸ್ ಅದನ್ನು ತಾನೇ ಬಳಸುತ್ತದೆ, ಬಂದ ಡೇಟಾ ಇಟ್ಟುಕೊಳ್ಳುವ ಮೆಮೊರಿಯಾದ ಬಫರನ್ನೂ ಬೇಕಾದಂತೆ ಬೆಳೆಸುತ್ತದೆ. ಹಾಗಿದ್ದರೂ ನಿಮಗೆ ಅಡ್ಡಿಯಾದದ್ದು ಏನು? ಎರಡು ಕಡೆ ಹುಡುಕಿ.

ಒಂದು, ಸಾಕೆಟ್ ಆಯ್ಕೆಯಲ್ಲಿ ರಿಸೀವ್ ಬಫರನ್ನು 65,536 ಎಂದು ಬರೆದಿದ್ದೀರಾ? ಮಾದರಿ ಪ್ರೋಗ್ರಾಂಗಳಲ್ಲಿ ಈ ಸಾಲು ಕಾಣಸಿಗುತ್ತದೆ. ಅದನ್ನು ಕೈಯಾರೆ ಬರೆದ ಕ್ಷಣದಿಂದ ಲಿನಕ್ಸ್ ಆ ಸಾಕೆಟ್ಟಿನ ಬಫರನ್ನು ತಾನಾಗಿ ಬೆಳೆಸುವುದನ್ನು ನಿಲ್ಲಿಸುತ್ತದೆ. ಸಾಲನ್ನು ತೆಗೆದುಹಾಕಿ, ಅಷ್ಟೇ. ರಿಸೀವ್ ಫಂಕ್ಷನ್ನಿಗೆ ಕೊಡುವ 65,536 ಬೇರೆ: ಅದು ಒಂದು ಸಲಕ್ಕೆ ಎಷ್ಟು ಓದಬೇಕು ಎಂಬುದು ಮಾತ್ರ, ವಿಂಡೋಗೂ ಅದಕ್ಕೂ ಸಂಬಂಧವಿಲ್ಲ. ಇವೆರಡನ್ನು ಒಂದೇ ಎಂದುಕೊಳ್ಳುವವರು ಬಹಳ.

ಎರಡನೆಯದು ಇನ್ನೂ ಸೂಕ್ಷ್ಮ. 64 ಕಿಲೋಬೈಟಿನ ಪ್ರತಿ ತುಂಡಿಗೂ ಆ ಕಡೆಯಿಂದ 'ಓಕೆ' ಎಂಬ ಉತ್ತರ ಬರಲೆಂದು ನಿಮ್ಮ ಪ್ರೋಗ್ರಾಂ ಕಾಯುತ್ತಿದೆಯೇ? ಹಾಗಿದ್ದರೆ ಟಿಸಿಪಿಯ ವಿಂಡೋ ಎಷ್ಟೇ ದೊಡ್ಡದಿರಲಿ, ಅಪ್ಲಿಕೇಶನ್ ಪದರದಲ್ಲಿ ನೀವೇ ಒಂದು ಚಿಕ್ಕ ವಿಂಡೋ ಕಟ್ಟಿದಂತಾಯಿತು. ಫಲ ಅದೇ 250. ಮುಟ್ಟಿಸುವ ಜವಾಬ್ದಾರಿ ಟಿಸಿಪಿಯದೇ ಆಗಿರುವಾಗ ತುಂಡು ತುಂಡಿಗೆ ಓಕೆ ಬೇಕಿಲ್ಲ. ಮೊದಲೇ ಫೈಲಿನ ಗಾತ್ರ ತಿಳಿಸಿ, ಕೊನೆಯಲ್ಲಿ ಒಂದು ಚೆಕ್‌ಸಮ್ (ಫೈಲಿನಿಂದ ಲೆಕ್ಕಹಾಕಿದ ತಾಳೆ ಸಂಖ್ಯೆ) ಹೋಲಿಸಿದರೆ ಸಾಕು.

ಇದರಲ್ಲಿ ಯಾವುದು ಎಂದು ಹೋಗಿಬರುವ ಪ್ಯಾಕೆಟ್‌ಗಳನ್ನು ಹಿಡಿದು (ಕ್ಯಾಪ್ಚರ್ ಮಾಡಿ) ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹೇಳುತ್ತದೆ. ಪ್ರೋಗ್ರಾಂ ಶುರುಮಾಡುವ ಮುಂಚೆಯೇ ಕ್ಯಾಪ್ಚರ್ ಶುರುವಾಗಿರಬೇಕು. ಸ್ಕೇಲಿಂಗ್ ಗುಣಕ ಹೋಗುವುದು ಕನೆಕ್ಷನ್ ತೆರೆಯುವ ಆರಂಭದ ಸಿನ್ ಪ್ಯಾಕೆಟ್‌ಗಳಲ್ಲಿ ಮಾತ್ರ, ಅವು ತಪ್ಪಿದರೆ ಮುಂದೆ ಕಾಣುವ ವಿಂಡೋ ಸಂಖ್ಯೆಗಳೆಲ್ಲ ಸುಳ್ಳು. ಬಳಿಕ ಸ್ಟ್ಯಾಟಿಸ್ಟಿಕ್ಸ್ ಮೆನುವಿನ ಟಿಸಿಪಿ ಸ್ಟ್ರೀಮ್ ಗ್ರಾಫ್‌ಗಳನ್ನು ತೆರೆಯಿರಿ. ದಾರಿಯ ಮೇಲಿರುವ ಬೈಟ್‌ಗಳು ರಿಸೀವ್ ವಿಂಡೋಗೆ ತಾಗಿಕೊಂಡೇ ಸಮತಟ್ಟಾಗಿ ಸಾಗಿದರೆ ಬಫರ್ ಚಿಕ್ಕದು. ವಿಂಡೋ ಮೇಲೆಲ್ಲೋ ಇದ್ದು, ಕೆಳಗೆ 250 ಮಿಲಿಸೆಕೆಂಡಿಗೊಮ್ಮೆ ಒಂದೊಂದು ಗುಚ್ಛ ಹೋಗಿ ನಡುವೆ ಖಾಲಿ ಇದ್ದರೆ ಅದು ಓಕೆಗೆ ಕಾಯುವ ಕೋಡು. ವೇಗದ ಗೆರೆ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತಿದ್ದರೆ ಮಾತ್ರ ಲೈನನ್ನು ಸಂಶಯಿಸಿ: ಪ್ಯಾಕೆಟ್ ಕಳೆದುಹೋಗುತ್ತಿವೆ.

ಪ್ಯಾಕೆಟ್ ಕಳೆದರೆ ಟಿಸಿಪಿ ಬೇಕೆಂದೇ ನಿಧಾನಿಸುತ್ತದೆ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ಕ್ಯಾಂಪಸ್ಸಿನ ನಡುವಣ ವೇಗ ದಟ್ಟಣೆಯಿಂದ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. 1988ರಲ್ಲಿ ವ್ಯಾನ್ ಜೇಕಬ್ಸನ್ ಪ್ರಕಟಿಸಿದ ಪರಿಹಾರದ ತಿರುಳು ಈ ನಿಧಾನಿಸುವಿಕೆಯೇ. ಎಷ್ಟು ನಿಧಾನ ಎಂಬುದಕ್ಕೆ 1997ರ ಮ್ಯಾಥಿಸ್ ಸೂತ್ರ ಒಳ್ಳೆಯ ಅಂದಾಜು ಕೊಡುತ್ತದೆ: ಸೆಗ್ಮೆಂಟ್ (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ಡೇಟಾ) ಗಾತ್ರವನ್ನು ಹೋಗಿಬರುವ ಸಮಯದಿಂದ ಭಾಗಿಸಿ, 1.22ರಿಂದ ಗುಣಿಸಿ, ನಷ್ಟದ ಪ್ರಮಾಣದ ವರ್ಗಮೂಲದಿಂದ ಭಾಗಿಸಿ. 1,460 ಬೈಟ್ ಸೆಗ್ಮೆಂಟು, ನೂರಕ್ಕೆ ಒಂದು ಪ್ಯಾಕೆಟ್ ನಷ್ಟ, 250 ಮಿಲಿಸೆಕೆಂಡ್ ಎಂದಾದರೆ ಸಿಗುವುದು ಸುಮಾರು 0.57 ಎಂಬಿಪಿಎಸ್. ಅದೇ ನಷ್ಟದಲ್ಲಿ 20 ಮಿಲಿಸೆಕೆಂಡ್ ದೂರದ ಸರ್ವರಿನಿಂದ 7 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಚೆನ್ನಾಗಿ ಕಾಣುವ ಗುಟ್ಟೂ ಇಲ್ಲಿದೆ: ಅದು ಹತ್ತಿರದ ಸರ್ವರ್ ಆರಿಸಿ, ಸಾಮಾನ್ಯವಾಗಿ ಹಲವು ಕನೆಕ್ಷನ್ ಒಟ್ಟಿಗೆ ತೆರೆಯುತ್ತದೆ.

ಮಳೆಗಾಲದಲ್ಲಿ ಫೈಬರ್ ಬಿಟ್ಟು ಮೊಬೈಲ್ ಡೇಟಾದಲ್ಲಿ ಅಳೆದರೆ ಚಿತ್ರ ಬೇರೆ. 4ಜಿ ರೇಡಿಯೋ ಕಳೆದ ತುಂಡನ್ನು ತನ್ನೊಳಗೇ ಮತ್ತೆ ಕಳಿಸಿಬಿಡುತ್ತದೆ. ನಷ್ಟ ಟಿಸಿಪಿಗೆ ಕಾಣದೆ, ಹೋಗಿಬರುವ ಸಮಯ ಹಿಗ್ಗುತ್ತದೆ. ಆಗ ಹೋಗಿಬರುವ ಸಮಯ ಅಳೆಯುವ ಪಿಂಗ್ ಸಂಖ್ಯೆ 40ರಿಂದ 300 ಮಿಲಿಸೆಕೆಂಡಿಗೆ ಜಿಗಿದರೂ ನಷ್ಟ ಸೊನ್ನೆ ಎಂದೇ ತೋರಿಸಬಹುದು.

ಇದನ್ನೆಲ್ಲ ಕ್ಲೌಡಿಗೆ ದುಡ್ಡು ಕೊಡದೆ ಲ್ಯಾಪ್‌ಟಾಪಿನಲ್ಲೇ ಪ್ರಯೋಗ ಮಾಡಬಹುದು. ಲಿನಕ್ಸ್‌ನಲ್ಲಿ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗಿನ ಪ್ರತ್ಯೇಕ ನೆಟ್‌ವರ್ಕ್‌ಗಳು) ಮಾಡಿ, ನಡುವಿನದನ್ನು ರೂಟರಾಗಿಸಿ, ಅದರ ಎರಡೂ ಇಂಟರ್‌ಫೇಸಿಗೆ ಕೃತಕವಾಗಿ ವಿಳಂಬ, ನಷ್ಟ ಉಂಟುಮಾಡುವ ನೆಟ್‌ಎಮ್‌ನಿಂದ 125 ಮಿಲಿಸೆಕೆಂಡ್ ವಿಳಂಬ ಹಾಕಿ, ವೇಗ ಅಳೆಯುವ ಐಪರ್ಫ್ 3ರಿಂದ ಅಳೆಯಿರಿ. ನಷ್ಟವನ್ನು ಕಳಿಸುವ ಯಂತ್ರದ ಮೇಲೆಯೇ ಹಾಕಬೇಡಿ. ಅಲ್ಲಿ ಬಿದ್ದ ಪ್ಯಾಕೆಟ್ ಸುದ್ದಿ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿಂದಲೇ ಟಿಸಿಪಿಗೆ ತಿಳಿದು, ನಷ್ಟವೇ ಆಗಿಲ್ಲವೆಂಬಂಥ ಫಲಿತಾಂಶ ಬರುತ್ತದೆ. ನೆಟ್‌ಎಮ್ ಸರದಿ ಮೊದಲಿಗೆ 1,000 ಪ್ಯಾಕೆಟ್‌ಗೆ ಸೀಮಿತ. 40 ಎಂಬಿಪಿಎಸ್‌ಗೆ ಸಾಕು, 100ರ ಮೇಲೆ ಹೋದರೆ ಮಿತಿ ಏರಿಸದಿದ್ದಲ್ಲಿ ನೀವು ಹಾಕದ ನಷ್ಟ ಕಾಣಿಸಿಕೊಳ್ಳುತ್ತದೆ. ಕಳಿಸುವ ಕಡೆ ಹಿಡಿದ ಕ್ಯಾಪ್ಚರಿನಲ್ಲಿ ಹತ್ತಾರು ಸಾವಿರ ಬೈಟಿನ ಪ್ಯಾಕೆಟ್ ಕಂಡರೆ ಗಾಬರಿ ಬೇಡ, ಸೆಗ್ಮೆಂಟ್ ಮಾಡುವ ಕೆಲಸವನ್ನು ಕರ್ನಲ್ ನೆಟ್‌ವರ್ಕ್ ಕಾರ್ಡಿನ ಹತ್ತಿರಕ್ಕೆ ಮುಂದೂಡಿದೆ (ಇದೇ ಆಫ್‌ಲೋಡ್). ಕಾರ್ಡಿನ ಸೆಟ್ಟಿಂಗ್ ಬದಲಿಸುವ ಈಥ್‌ಟೂಲ್‌ನಿಂದ ಆ ಆಫ್‌ಲೋಡ್ ಆಫ್ ಮಾಡಿದರೆ ಸುಮಾರು 1,460 ಬೈಟಿನ ತುಂಡುಗಳೇ ಕಾಣುತ್ತವೆ.

ಮೌಖಿಕ ಪರೀಕ್ಷೆಯಲ್ಲಿ (ವೈವಾ) 'ಯುಡಿಪಿ ಬಳಸಿದ್ದರೆ ವೇಗ ಸಿಗುತ್ತಿತ್ತಲ್ಲ' ಎಂದು ಕೇಳಿಯೇ ಕೇಳುತ್ತಾರೆ. ಯುಡಿಪಿ ಎಂದರೆ ಮುಟ್ಟಿತೇ ಎಂದು ಕಾಯದೆ ಪ್ಯಾಕೆಟ್ ಕಳಿಸುವ ನಿಯಮಾವಳಿ. 2021ರಲ್ಲಿ ಮಾನಕವಾದ ಕ್ವಿಕ್ ಯುಡಿಪಿಯ ಮೇಲೆಯೇ ಓಡುತ್ತದೆ, ವೆಬ್ ಪುಟ ತರುವ ಎಚ್‌ಟಿಟಿಪಿ 3 ನಿಂತಿರುವುದೂ ಕ್ವಿಕ್ ಮೇಲೆ. ಆದರೆ ಕ್ವಿಕ್‌ಗೂ ತನ್ನದೇ ವಿಂಡೋ ಇದೆ, ದಟ್ಟಣೆ ನಿಯಂತ್ರಣವೂ ಇದೆ. ಅದರಿಂದ ಸಿಗುವ ಲಾಭವೇ ಬೇರೆ: ಕನೆಕ್ಷನ್ ಮತ್ತು ಟಿಎಲ್‌ಎಸ್ (ಗೂಢಲಿಪೀಕರಣ) ಕೈಕುಲುಕಾಟ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ, ಒಂದು ಪ್ಯಾಕೆಟ್ ಕಳೆದರೆ ಅದೇ ಕನೆಕ್ಷನ್ನಿನ ಉಳಿದ ಸ್ಟ್ರೀಮ್‌ಗಳು (ಡೇಟಾ ಹರಿವುಗಳು) ಕಾಯಬೇಕಿಲ್ಲ. ಒಂದೇ ದೊಡ್ಡ ಫೈಲ್ ಕಳಿಸುವ ನಿಮ್ಮ ಪ್ರಾಜೆಕ್ಟಿಗೆ ಇವೆರಡರಿಂದಲೂ ಆಗುವ ಉಪಯೋಗ ಕಡಿಮೆ.