ತಿಗಣೆ ಕೇಸಿನ ಸಾಕ್ಷಿ ಮಂಚದ ಸಂದಿಯಲ್ಲಿದೆ

ತಿಗಣೆ ಕಚ್ಚಿತು, ಲಾಡ್ಜಿನವರ ಮೇಲೆ ಕೇಸು ಹಾಕಬೇಕು ಅಂತ ಬರುವವರು ಮೊದಲು ಅಂಗಿಯ ತೋಳು ಮಡಿಚುತ್ತಾರೆ. ಸಾಲಾಗಿ ಎದ್ದ ಗಂದೆಗಳು, ಕೆರೆದು ಕೆರೆದು ಕೆಂಪಾದ ಚರ್ಮ. ನೋಡಿದರೆ ಪಾಪ ಅನ್ನಿಸುತ್ತದೆ. ಮೈಸೂರಿನಲ್ಲಿ ಗ್ರಾಹಕರ ಪರ ವಕೀಲಿ ಮಾಡುವ ನಾನು ಆಮೇಲೆ ಕೇಳುವುದು ಒಂದೇ ಪ್ರಶ್ನೆ: ‘ಮಂಚದ ಫೋಟೋ ತೆಗೆದಿದ್ದೀರಾ?’ ಬಹಳ ಜನರ ಹತ್ತಿರ ಇರುವುದಿಲ್ಲ. ಕೇಸು ಅಲ್ಲೇ ಅರ್ಧ ಸೊರಗುತ್ತದೆ.

ಯಾಕೆ ಅಂದರೆ, ಬರೀ ಗಂದೆ ನೋಡಿ ಇದು ತಿಗಣೆಯದೇ ಎಂದು ವೈದ್ಯರು ಕೂಡ ಖಚಿತವಾಗಿ ಹೇಳಲಾರರು. ಚೀಟಿಯಲ್ಲಿ ‘ಕೀಟ ಕಡಿತ’ ಎಂದಷ್ಟೇ ಬರೆಯುತ್ತಾರೆ. ಅದು ಸೊಳ್ಳೆಯೂ ಆಗಬಹುದು, ಚಿಗಟವೂ ಆಗಬಹುದು. ಕೆಲವರಿಗೆ ಕಚ್ಚಿ ಎರಡು ವಾರ ಆದ ಮೇಲೆ ಗಂದೆ ಏಳುತ್ತದೆ. ಇನ್ನು ಕೆಲವರಿಗೆ ಏಳುವುದೇ ಇಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಹೆಂಡತಿಯ ಮೈಯೆಲ್ಲ ಊದಿರುತ್ತದೆ, ಗಂಡನಿಗೆ ಒಂದು ಚುಕ್ಕೆಯೂ ಇರುವುದಿಲ್ಲ. ಎದುರು ವಕೀಲರು ಬಿಡುತ್ತಾರಾ? ‘ತಿಗಣೆ ಇದ್ದಿದ್ದರೆ ಯಜಮಾನರಿಗೆ ಯಾಕೆ ಕಚ್ಚಲಿಲ್ಲ?’ ಅಂತ ಕೇಳಿಯೇ ಕೇಳುತ್ತಾರೆ.

ಅವರ ಇನ್ನೊಂದು ಮಾತು ಇದಕ್ಕಿಂತ ಗಟ್ಟಿ. ‘ತಿಗಣೆ ನಮ್ಮ ರೂಮಿನದಲ್ಲ, ಇವರೇ ಬ್ಯಾಗಿನಲ್ಲಿ ತಂದದ್ದು.’ ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ತಿಗಣೆ ಊರಿಂದೂರಿಗೆ ಹೋಗುವುದೇ ಬ್ಯಾಗು, ಬಟ್ಟೆ, ಹಾಸಿಗೆಗಳ ಮೂಲಕ. ಹಾಗಾಗಿ ತಿಗಣೆ ಇತ್ತು ಎಂದು ತೋರಿಸಿದರೆ ಸಾಲದು. ನೀವು ಬಾಗಿಲು ತೆಗೆಯುವ ಮುಂಚಿನಿಂದಲೂ ಅಲ್ಲಿ ಸಂಸಾರ ಹೂಡಿತ್ತು ಎಂದು ತೋರಿಸಬೇಕು.

ಅದನ್ನು ತೋರಿಸುವ ಶಕ್ತಿ ಇರುವುದು ಮಂಚಕ್ಕೆ. ತಿಗಣೆಯ ಮೊಟ್ಟೆ ಬಿಳಿ, ಒಂದು ಮಿಲಿಮೀಟರಿನಷ್ಟು. ಒಡೆಯಲು ವಾರದಿಂದ ಹತ್ತು ದಿನ ಬೇಕು. ಮರಿ ದೊಡ್ಡದಾಗುವಷ್ಟರಲ್ಲಿ ಐದು ಸಲ ಪೊರೆ ಕಳಚುತ್ತದೆ, ಪ್ರತಿ ಸಲವೂ ಮೊದಲು ರಕ್ತ ಕುಡಿಯಲೇಬೇಕು. ಬೆಚ್ಚಗಿನ ವಾತಾವರಣದಲ್ಲೂ ಇದಕ್ಕೆಲ್ಲ ಸುಮಾರು ತಿಂಗಳು ಹಿಡಿಯುತ್ತದೆ. ನಿನ್ನೆ ರಾತ್ರಿ ಬಂದಿಳಿದ ಅತಿಥಿಯ ಬ್ಯಾಗಿನಿಂದ ಬೆಳಗಾಗುವಷ್ಟರಲ್ಲಿ ಸಣ್ಣದು ದೊಡ್ಡದು ಎಲ್ಲ ಅಳತೆಯ ಖಾಲಿ ಪೊರೆಗಳು ಉದುರಲು ಸಾಧ್ಯವೇ ಇಲ್ಲ.

ಕಳೆದೊಂದು ದಸರಾ ಸಮಯದಲ್ಲಿ ಮೈಸೂರಿನ ಲಾಡ್ಜೊಂದರಲ್ಲಿ ಉಳಿದಿದ್ದ ಮಹಿಳೆಯೊಬ್ಬರು ಇದನ್ನು ಸರಿಯಾಗಿ ಮಾಡಿದ್ದರು. ನಸುಕಿನಲ್ಲಿ ಎಚ್ಚರವಾದಾಗ ಹಾಸಿಗೆ ಕೊಡವಲಿಲ್ಲ. ಮೊಬೈಲ್ ಹಿಡಿದು ಮೊದಲು ರೂಮಿನ ಬಾಗಿಲ ಮೇಲಿನ ನಂಬರ್ ತೋರಿಸಿದರು. ವಿಡಿಯೋ ನಿಲ್ಲಿಸದೆ ಒಳಗೆ ಬಂದು, ಬೆಡ್‌ಶೀಟ್ ಸರಿಸಿ, ಹಾಸಿಗೆಯ ಅಂಚಿನ ಹೊಲಿಗೆಯನ್ನು ನಿಧಾನವಾಗಿ ತೋರಿಸಿದರು. ಅಲ್ಲಿ ಸ್ಕೆಚ್ ಪೆನ್ನಿನ ತುದಿ ತಾಗಿಸಿದ ಹಾಗೆ ಕಪ್ಪು ಚುಕ್ಕೆಗಳು. ಅದು ತಿಗಣೆಯ ಹಿಕ್ಕೆ. ಅದರಲ್ಲಿರುವುದು ಜೀರ್ಣವಾದ ರಕ್ತ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದು ಬಣ್ಣ ಹರಡುತ್ತದೆ. ಅವರು ಅದನ್ನೂ ಒರೆಸಿ ತೋರಿಸಿದ್ದರು. ಆಮೇಲೆ ಹಾಸಿಗೆ ಎತ್ತಿ ತಲೆದಿಕ್ಕಿನ ಹಲಗೆ ಮತ್ತು ಮಂಚದ ಕಾಲು ಕೂಡುವ ಸಂದಿಗೆ ಟಾರ್ಚ್ ಬಿಟ್ಟರು. ಒಣಗಿದ ಪೊರೆಗಳು, ಅಂಟಿಕೊಂಡ ಮೊಟ್ಟೆಗಳು, ಬೆಳಕಿಗೆ ಹೆದರಿ ಓಡುವ ಮರಿಗಳು, ಎಲ್ಲ ಒಂದೇ ಚೌಕಟ್ಟಿನಲ್ಲಿ. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟಿದ್ದರು. ಬೆಳೆದ ತಿಗಣೆ ಐದರಿಂದ ಏಳು ಮಿಲಿಮೀಟರ್ ಇರುತ್ತದೆ, ನಾಣ್ಯ ಇದ್ದರೆ ಅಳತೆಯ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ಆ ವಿಡಿಯೋ ನೋಡಿದ ಮೇಲೆ ಎದುರು ಪಕ್ಷದವರು ಬ್ಯಾಗಿನ ಮಾತೇ ಎತ್ತಲಿಲ್ಲ.

ಕೋಪದಲ್ಲಿ ತಿಗಣೆಯನ್ನು ಹೊಸಕಬೇಡಿ. ಎರಡು ಮೂರನ್ನು ಅಗಲವಾದ ಸೆಲ್ಲೋಟೇಪಿನಲ್ಲಿ ಹಿಡಿದು ಬಿಳಿ ಹಾಳೆಗೆ ಅಂಟಿಸಿ, ಇಲ್ಲವೇ ಬಿಗಿ ಮುಚ್ಚಳದ ಪುಟ್ಟ ಸೀಸೆಗೆ ಹಾಕಿ. ದಿನಾಂಕ, ಸಮಯ, ರೂಮ್ ನಂಬರ್ ಬರೆದಿಡಿ. ಎದುರಿನವರು ‘ಇದು ತಿಗಣೆಯೇ ಅಲ್ಲ’ ಎಂದರೆ ತಜ್ಞರ ಅಭಿಪ್ರಾಯ ಪಡೆಯಬಹುದು. ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ವಿಭಾಗ ಇದೆ, ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಓದಿದವರಿದ್ದಾರೆ.

ವಿಡಿಯೋ ಆದ ತಕ್ಷಣ ಮ್ಯಾನೇಜರಿಗೆ ಹೇಳಿ. ಬಾಯಲ್ಲಿ ಹೇಳುವುದರ ಜೊತೆಗೆ ವಾಟ್ಸಾಪಿನಲ್ಲಿ ಬರೆದು ಕಳಿಸಿ: ಯಾವ ರೂಮು, ಎಷ್ಟು ಹೊತ್ತಿಗೆ ಕಂಡಿತು, ಏನು ಮಾಡುತ್ತೀರಿ. ‘ಸಾರಿ ಮೇಡಂ, ರೂಮ್ ಬದಲಾಯಿಸಿ ಕೊಡ್ತೀವಿ’ ಎಂಬ ಒಂದು ಸಾಲಿನ ಉತ್ತರ ಬಂದರೂ ಸಾಕು. ನನ್ನ ಅನುಭವದಲ್ಲಿ ಅದು ಹತ್ತು ಫೋಟೋಗೆ ಸಮ. ಜಗಳ, ಬೈಗುಳ ಬೇಡ. ಆ ಮೆಸೇಜು ನಾಳೆ ಗ್ರಾಹಕರ ದೂರು ವಿಚಾರಿಸುವ ಆಯೋಗದ ಮುಂದೆ ಓದಲ್ಪಡುತ್ತದೆ.

ಮೂಲ ಫೈಲು ಫೋನಿನಲ್ಲೇ ಇರಲಿ. ವಾಟ್ಸಾಪಿನಲ್ಲಿ ಹೋದ ಫೋಟೋ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಜಾಗದ ವಿವರ ಅದರಿಂದ ಅಳಿಸಿಹೋಗುತ್ತದೆ. ನನಗೆ ಕಳಿಸಿ, ಫೋನ್ ಖಾಲಿ ಮಾಡಿ, ಆಮೇಲೆ ‘ಮೂಲ ಎಲ್ಲಿ?’ ಅಂದಾಗ ತಲೆ ಕೆರೆದುಕೊಳ್ಳುವವರು ಜಾಸ್ತಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಪ್ರಕಾರ ಇಂಥ ಡಿಜಿಟಲ್ ದಾಖಲೆಗಳ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಯಾವ ಫೋನು, ಫೈಲಿನ ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲ ಎಂದು ತೋರಿಸುವ, ಬೆರಳಚ್ಚಿನಂಥ ಗುರುತು) ಏನು ಎಂಬುದು ಇರುತ್ತದೆ. ಗ್ರಾಹಕರ ಆಯೋಗ ಸಾಕ್ಷ್ಯ ಕಾನೂನನ್ನು ಸಿವಿಲ್ ಕೋರ್ಟಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಆದರೂ ಪ್ರಮಾಣಪತ್ರ ಇಟ್ಟರೆ ಆಕ್ಷೇಪಣೆಗೆ ಜಾಗವೇ ಇರುವುದಿಲ್ಲ, ಅಲ್ವಾ?

ವೈದ್ಯರ ಚೀಟಿ ಬೇಡವೆಂದಲ್ಲ. ಅದೇ ದಿನ ತೋರಿಸಿ. ಕೆ.ಆರ್. ಆಸ್ಪತ್ರೆಯ ಹೊರರೋಗಿ ಚೀಟಿಯಾದರೂ ನಡೆಯುತ್ತದೆ. ಎಲ್ಲಿ ಉಳಿದಿದ್ದಿರಿ, ಏನು ಕಂಡಿರಿ ಎಂದು ವೈದ್ಯರಿಗೆ ಹೇಳಿ, ‘ರೋಗಿ ಹೀಗೆ ಹೇಳಿದ್ದಾರೆ’ ಎಂದು ಬರೆಯುವಂತೆ ಕೇಳಿಕೊಳ್ಳಿ. ಮುಲಾಮಿನ ಬಿಲ್ಲು, ಬಟ್ಟೆ ಒಗೆಸಿದ ಬಿಲ್ಲು ಎಲ್ಲ ಜೋಪಾನ. ರೂಮಿನ ಬಿಲ್ಲು, ಯುಪಿಐ ಪಾವತಿಯ ವಿವರ ಇಲ್ಲದಿದ್ದರೆ ನೀವು ಗ್ರಾಹಕರು ಎಂದು ಸಾಬೀತು ಮಾಡುವುದೇ ಕಷ್ಟ.

ಅತಿ ಬೇಗ ಸಾಕ್ಷಿ ಕೈತಪ್ಪುವುದು ಮದುವೆ ಛತ್ರಗಳಲ್ಲಿ. ಮಂಡ್ಯ ಕಡೆಯ ಎಷ್ಟೋ ಛತ್ರಗಳಲ್ಲಿ ಬೀಗರಿಗೆ ಹಾಸುವ ಹಾಸಿಗೆ, ದಿಂಬು ಬಾಡಿಗೆಯವು. ಧಾರೆ ಮುಗಿದು ಊಟದ ಪಂತಿ ಏಳುವಷ್ಟರಲ್ಲಿ ಅವು ಟೆಂಪೋ ಹತ್ತಿ ಇನ್ನೊಂದು ಛತ್ರ ಸೇರಿರುತ್ತವೆ. ಹಾಸಿಗೆ ಯಾರದ್ದು, ಛತ್ರದವರದ್ದೋ ಶಾಮಿಯಾನದವರದ್ದೋ ಎಂದು ಅಲ್ಲೇ ಕೇಳಿ, ಬುಕಿಂಗ್ ರಸೀದಿಯಲ್ಲಿ ಏನು ಬರೆದಿದೆ ನೋಡಿ. ಗೊತ್ತಿಲ್ಲದಿದ್ದರೆ ಇಬ್ಬರನ್ನೂ ಪ್ರತಿವಾದಿ ಮಾಡುವುದು ಒಳ್ಳೆಯದು.

ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್ ವಸತಿಯಲ್ಲಿ) ಇರುವ ಮಕ್ಕಳ ಕಷ್ಟ ಬೇರೆ. ತಿಂಗಳುಗಟ್ಟಲೆ ಅಲ್ಲೇ ಇದ್ದವರಿಗೆ ಪೊರೆ, ಮೊಟ್ಟೆಯ ವಾದ ಅಷ್ಟಾಗಿ ಕೈಹಿಡಿಯುವುದಿಲ್ಲ. ಅವರಿಗೆ ನೆರವಾಗುವುದು ಸೇರಿದ ದಿನವೇ ಹಾಸಿಗೆ ಎತ್ತಿ ತೆಗೆದ ಫೋಟೋ, ಪಿಜಿಯ ವಾಟ್ಸಾಪ್ ಗುಂಪಿನಲ್ಲಿ ಹಳಬರು ಹಾಕಿದ್ದ ದೂರು, ರೂಮ್‌ಮೇಟ್‌ಗಳ ಅಫಿಡವಿಟ್. ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಲಿಖಿತ ದೂರು ಕೊಡಿ. ತಪಾಸಣೆ ನಡೆದರೆ ಅದರ ವರದಿಯ ಪ್ರತಿಯನ್ನು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಪಡೆಯಬಹುದು. ಊಟ, ಸ್ವಚ್ಛತೆ ಎಲ್ಲ ಸೇರಿಸಿ ಹಣ ಪಡೆಯುವ ಪಿಜಿ ಗ್ರಾಹಕರ ಕಾನೂನಿನ ಲೆಕ್ಕದಲ್ಲಿ ‘ಸೇವೆ’ಯೇ. ಬರೀ ಮನೆ ಬಾಡಿಗೆಗೆ ಕೊಟ್ಟ ಮಾಲೀಕರ ವಿಷಯ ಸಾಮಾನ್ಯವಾಗಿ ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ.

ಇದೆಲ್ಲ ಸಣ್ಣ ವಿಷಯ, ಯಾರು ಕೇಳುತ್ತಾರೆ ಅನ್ನಬೇಡಿ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಖಾಸಗಿ ಬಸ್ಸಿನಲ್ಲಿ ತಿಗಣೆ ಕಚ್ಚಿಸಿಕೊಂಡ ಪ್ರಯಾಣಿಕರೊಬ್ಬರಿಗೆ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗ ಒಂದು ಲಕ್ಷ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿದೆ.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಸಮಯ ಇದೆ. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಊಟಿಯ ಲಾಡ್ಜಿನಲ್ಲಿ ಕಚ್ಚಿದರೂ ನೀವು ಮೈಸೂರಿನವರಾದರೆ ಇಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಕೆಲವೊಮ್ಮೆ ಅಲ್ಲೇ ಇತ್ಯರ್ಥವಾಗುವುದೂ ಉಂಟು. ಆಯೋಗದ ನೋಟಿಸ್ ತಲುಪಿದ ಮೇಲೆ ಪ್ರತಿವಾದಿ 30 ದಿನದಲ್ಲಿ, ಹೆಚ್ಚೆಂದರೆ ಇನ್ನು 15 ದಿನ ಸೇರಿಸಿ, ಉತ್ತರ ಕೊಡಲೇಬೇಕು.

ಸಾಕ್ಷಿ ಗಟ್ಟಿಯಿದ್ದರೆ ಬಹಳ ಮಂದಿ ಆ ಹೊತ್ತಿಗೆ ರಾಜಿಗೆ ಬರುತ್ತಾರೆ. ಬಂದರೆ ದುಡ್ಡಿನ ಜೊತೆಗೆ ಇನ್ನೊಂದು ಷರತ್ತು ಬರೆಸಿಕೊಳ್ಳಿ ಎಂದು ನನ್ನ ಕಕ್ಷಿದಾರರಿಗೆ ಹಟ ಹಿಡಿದು ಹೇಳುತ್ತೇನೆ. ಆ ರೂಮಿಗೂ ಅಕ್ಕಪಕ್ಕದ ರೂಮುಗಳಿಗೂ ಪೆಸ್ಟ್ ಕಂಟ್ರೋಲ್ ಮಾಡಿಸಿ, ಮೊಟ್ಟೆಯಿಂದ ಹೊರಬಂದ ಮರಿಗಳಿಗಾಗಿ ಎರಡನೇ ಸಲವೂ ಔಷಧಿ ಹೊಡೆಸಿ, ಎರಡೂ ಬಿಲ್ಲಿನ ಪ್ರತಿ ನಿಮಗೆ ಕಳಿಸಬೇಕು.